ಕಡಿಮೆ ಓಡಿದ ಎಲೀಸ್, ಎಂಜಿಎಫ್ ಕಾರುಗಳಲ್ಲಿ ಹೆಡ್ ಗ್ಯಾಸ್ಕೆಟ್‌ನ ಸಣ್ಣ ಸೋರಿಕೆ ಹಿಡಿಯುವ ಬಗೆ

ತಿಂಗಳಿಗೊಮ್ಮೆ ಎಕ್ಸ್‌ಪಾನ್ಷನ್ ಟ್ಯಾಂಕಿಗೆ ಅರ್ಧ ಲೋಟ ಕೂಲಂಟ್ ಸುರಿಯಬೇಕಾಗುತ್ತಿದೆ. ಕಾರಿನಡಿಯ ನೆಲ ಒಣಗಿದೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿಲ್ಲ, ಡಿಪ್‌ಸ್ಟಿಕ್ ಮೇಲಿನ ಆಯಿಲ್ ತಿಳಿಯಾಗಿದೆ, ಟೆಂಪರೇಚರ್ ಎಂದಿನಂತೆಯೇ ಇದೆ. ಓಡಿದ್ದು 30,000 ಮೈಲಿ ಕೂಡ ಆಗಿಲ್ಲ. ಇಷ್ಟಾದರೂ ಕೂಲಂಟ್ ಎಲ್ಲಿಗೋ ಹೋಗುತ್ತಿದೆ. ರೋವರ್ ಕೆ-ಸೀರೀಸ್ ಎಂಜಿನ್ ಇರುವ ಸ್ಪೋರ್ಟ್ಸ್ ಕಾರಿನಲ್ಲಿ, ಅಂದರೆ 1996ರಲ್ಲಿ ಬಂದ ಮೊದಲ ಲೋಟಸ್ ಎಲೀಸ್, 1995ರ ಎಂಜಿಎಫ್, 2002ರ ಎಂಜಿ ಟಿಎಫ್ ಇಂಥವುಗಳಲ್ಲಿ, ಹೀಗಾದಾಗ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೀಲ್. ಗುಮಾನಿಗೆ ಕಾರಣವಿದೆ. ಆದರೆ ಗುಮಾನಿಯ ಮೇಲೆ ಹೆಡ್ ಬಿಚ್ಚುವುದು ಬೇಡ. ಈ ಎಂಜಿನ್ನಿನಲ್ಲಿ ಹೆಡ್ ಬಿಚ್ಚುವುದೆಂದರೆ ಎಷ್ಟು ದೊಡ್ಡ ಕೆಲಸ ಎಂಬುದು ಮುಂದೆ ಗೊತ್ತಾಗುತ್ತದೆ.

ದೊಡ್ಡ ಸೋರಿಕೆಯನ್ನು ಯಾರು ಬೇಕಾದರೂ ಹಿಡಿಯಬಹುದು. ಸಣ್ಣದರ ತೊಂದರೆ ಏನೆಂದರೆ, ಅದು ಎಲ್ಲ ಹೊತ್ತಿನಲ್ಲೂ ಸೋರುವುದಿಲ್ಲ. ಒಂದು ತಣ್ಣಗಿದ್ದಾಗ ಮಾತ್ರ ಬಾಯಿ ಬಿಡುತ್ತದೆ, ಇನ್ನೊಂದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ, ಮತ್ತೊಂದು ಎಂಜಿನ್ ಆಫ್ ಮಾಡಿದ ಮೇಲಿನ ಅರ್ಧ ಗಂಟೆಯಲ್ಲಿ ಮಾತ್ರ. ಹಾಗಾಗಿ ಒಂದು ಪರೀಕ್ಷೆ ಮಾಡಿ ಏನೂ ಸಿಗಲಿಲ್ಲವೆಂದು ಕೈ ತೊಳೆದುಕೊಂಡರೆ ಮೋಸಹೋಗುತ್ತೀರಿ. ಸೋರಿಕೆ ಯಾವ ಹೊತ್ತಿನಲ್ಲಿ ಬಾಯಿ ಬಿಡುತ್ತದೋ ಆ ಹೊತ್ತಿಗೆ ತಕ್ಕ ಪರೀಕ್ಷೆ ಮಾಡಬೇಕು.

ಈ ಎಂಜಿನ್ನಿಗೇ ಯಾಕೆ ಹೀಗೆ

1.8 ಲೀಟರ್ ಕೆ-ಸೀರೀಸ್‌ನ ಬೋರ್ (ಸಿಲಿಂಡರಿನ ಒಳವ್ಯಾಸ) 80 ಮಿ.ಮೀ., ಸ್ಟ್ರೋಕ್ 89.3 ಮಿ.ಮೀ. ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಪಿಸ್ಟನ್ ಓಡಾಡುವ ಕೊಳವೆಗಳಾದ ಸಿಲಿಂಡರ್ ಲೈನರ್‌ಗಳು ಬೇರೆಯಾಗಿ ಬಂದು ಬ್ಲಾಕಿನೊಳಗಿನ ಮೆಟ್ಟಿಲಿನ ಮೇಲೆ ಕೂರುತ್ತವೆ. ಮೇಲ್ಭಾಗದಲ್ಲಿ ಅವುಗಳ ಸುತ್ತ ಕೂಲಂಟ್ ಇರುತ್ತದೆ. 10 ಉದ್ದನೆಯ ಬೋಲ್ಟ್‌ಗಳು ಹೆಡ್ಡಿನ ಮೇಲಿಂದ ಹೊಕ್ಕು, ಬ್ಲಾಕ್ ದಾಟಿ, ಕ್ರ್ಯಾಂಕಿನ ಕೆಳಗಿನ ಆಯಿಲ್ ರೈಲ್‌ವರೆಗೆ ಇಳಿದು ಎಲ್ಲವನ್ನೂ ರೊಟ್ಟಿಯ ಪದರಗಳ ಹಾಗೆ ಒಟ್ಟಿಗೆ ಬಿಗಿದಿಡುತ್ತವೆ. ಮೂಲ ಗ್ಯಾಸ್ಕೆಟ್ ತೆಳುವಾದ ಲೋಹದ ಹಾಳೆ. ನೀರು, ಆಯಿಲ್ ಹಾದುಹೋಗುವ ರಂಧ್ರಗಳ ಸುತ್ತ ಅದಕ್ಕೆ ರಬ್ಬರಿನಂಥ ಎಲಾಸ್ಟೋಮರ್ ಅಂಚು ಅಂಟಿಸಿರುತ್ತದೆ. ಶುರುವಿನ ಎಂಜಿನ್‌ಗಳಲ್ಲಿ ಹೆಡ್ಡನ್ನು ಜಾಗದಲ್ಲಿ ಹಿಡಿಯುವ ಡೋವೆಲ್‌ಗಳು ಪ್ಲಾಸ್ಟಿಕ್‌ನವು. ಬಿಸಿ-ತಂಪು ಆಗುತ್ತಿದ್ದ ಹಾಗೆ ಹೆಡ್ ಬ್ಲಾಕಿನ ಮೇಲೆ ಕೂದಲೆಳೆಯಷ್ಟು ಸರಿದಾಡಿದರೆ ಸಾಕು, ಆ ಎಲಾಸ್ಟೋಮರ್ ಅಂಚು ಉಜ್ಜಿ ಬಿಡಿಸಿಕೊಳ್ಳುತ್ತದೆ. ಮುಂದೆ ಡೋವೆಲ್ ಉಕ್ಕಿನದಾಯಿತು, ಗ್ಯಾಸ್ಕೆಟ್ ಹಲವು ಪದರದ ಉಕ್ಕಿನದು ಬಂತು.

ಇದರ ಮೇಲೆ ಇನ್ನೊಂದು ಹೊರೆ. ಎಲೀಸ್, ಎಂಜಿಎಫ್ ಎರಡರಲ್ಲೂ ಎಂಜಿನ್ ಸೀಟಿನ ಹಿಂದೆ, ರೇಡಿಯೇಟರ್ ಮೂತಿಯಲ್ಲಿ. ಥರ್ಮೋಸ್ಟಾಟ್ ಇರುವುದು ಎಂಜಿನ್ನಿಗೆ ನೀರು ಒಳಬರುವ ಕಡೆ. ಎಂಜಿನ್ ಬಿಸಿಯಾಗಿ ಸುಮಾರು 88 ಡಿಗ್ರಿಗೆ ಥರ್ಮೋಸ್ಟಾಟ್ ತೆರೆದೊಡನೆ, ಆ ಉದ್ದನೆಯ ಪೈಪಿನಲ್ಲಿ ತಣ್ಣಗೆ ನಿಂತಿದ್ದ ನೀರು ಒಮ್ಮೆಲೇ ಬಿಸಿ ಬ್ಲಾಕಿಗೆ ನುಗ್ಗುತ್ತದೆ. ಬ್ಲಾಕಿನೊಳಗೆ ಹಿಡಿಯುವ ಕೂಲಂಟ್ ಬಹಳ ಕಡಿಮೆಯಾದ್ದರಿಂದ ಆ ಹೊಡೆತವನ್ನು ತಾಳಿಕೊಳ್ಳುವ ಶಕ್ತಿಯೂ ಕಡಿಮೆ. ಚಳಿಗಾಲದ ಬೆಳಗ್ಗೆ ಎರಡು ಮೈಲಿ ಓಡಿಸಿ ನಿಲ್ಲಿಸುವವರ ಕಾರಿಗೆ ಈ ಹೊಡೆತ ಹೆಚ್ಚು ಬೀಳುತ್ತದೆ. ಕಡಿಮೆ ಓಡಿದ ಕಾರು ಎಂದರೆ ಗ್ಯಾಸ್ಕೆಟ್ ಹೊಸದಾಗಿದೆ ಎಂದಲ್ಲ. ಮೈಲಿ ಕಡಿಮೆ, ವಯಸ್ಸು ಪೂರ್ತಿ. ವರ್ಷಗಟ್ಟಲೆ ಬದಲಿಸದ ಕೂಲಂಟ್ ತನ್ನ ತುಕ್ಕುನಿರೋಧಕ ಗುಣ ಕಳೆದುಕೊಂಡು ಅಲ್ಯೂಮಿನಿಯಂ ಅಂಚುಗಳನ್ನು ತಿನ್ನುತ್ತಿರುತ್ತದೆ. ಎಲಾಸ್ಟೋಮರ್ ನಿಂತಲ್ಲೇ ಗಟ್ಟಿಯಾಗುತ್ತದೆ.

ಕೊನೆಯದಾಗಿ ತಿಳಿದಿರಬೇಕಾದದ್ದು ಒತ್ತಡದ ಲೆಕ್ಕ. ಪೂರ್ತಿ ಲೋಡಿನಲ್ಲಿ ಸಿಲಿಂಡರಿನೊಳಗೆ 50 ಬಾರ್‌ಗೂ ಮಿಕ್ಕಿ ಒತ್ತಡ ಏಳುತ್ತದೆ; ಕೂಲಂಟಿನಲ್ಲಿ ಇರುವುದು ಹೆಚ್ಚುಕಡಿಮೆ 1 ಬಾರ್. ಓಡುತ್ತಿರುವಾಗ ಸೋರಿಕೆಯ ದಾರಿಯಲ್ಲಿ ಗ್ಯಾಸು ಕೂಲಂಟಿಗೆ ಹೋಗುತ್ತದೆ. ಎಂಜಿನ್ ಆಫ್ ಮಾಡಿದ ಕ್ಷಣ ಸಿಲಿಂಡರ್ ಖಾಲಿ, ಕೂಲಂಟ್ ಮಾತ್ರ ಇನ್ನೂ ಒತ್ತಡದಲ್ಲಿದೆ. ಅದೇ ದಾರಿಯಲ್ಲಿ ಈಗ ಕೂಲಂಟ್ ಸಿಲಿಂಡರಿಗೆ ಜಿನುಗುತ್ತದೆ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಮೊದಲು ಅಳತೆ, ಆಮೇಲೆ ಅನುಮಾನ

ಬೇಕಾದವು: 50 ಮಿ.ಲೀ. ಸಿರಿಂಜ್, ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟರ್ ಮತ್ತು ನಿಮ್ಮ ಟ್ಯಾಂಕಿನ ಬಾಯಿಗೆ ಕೂರುವ ಅಡಾಪ್ಟರ್, ಕೂಲಂಟಿಗೆ ಸೇರಿದ ಗ್ಯಾಸನ್ನು ಬಣ್ಣ ಬದಲಾಗುವ ದ್ರವದಿಂದ ತೋರಿಸುವ ಬ್ಲಾಕ್ ಟೆಸ್ಟರ್, ಸಿಲಿಂಡರಿಗೆ ಗಾಳಿ ಕೊಟ್ಟು ಎಷ್ಟು ಸೋರುತ್ತದೆ ಎಂದು ಅಳೆಯುವ, ಎರಡು ಗೇಜ್ ಇರುವ ಲೀಕ್-ಡೌನ್ ಟೆಸ್ಟರ್, ಕಂಪ್ರೆಸರ್, ಬೋರ್‌ಸ್ಕೋಪ್ (ಸಣ್ಣ ರಂಧ್ರದಲ್ಲಿ ಇಳಿಸಿ ಒಳಗೆ ನೋಡುವ ಕ್ಯಾಮೆರಾ), ಯುವಿ ಡೈ (ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಬಣ್ಣ) ಮತ್ತು ಟಾರ್ಚ್. ಎಲ್ಲವನ್ನೂ ಕೊಳ್ಳಬೇಕಿಲ್ಲ. ಸಿರಿಂಜ್ ಮಾತ್ರ ಇವತ್ತೇ ತನ್ನಿ.

ಕಾರನ್ನು ಯಾವಾಗಲೂ ಒಂದೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ರಾತ್ರಿಯಿಡೀ ತಣಿದ ಮೇಲೆ ಬೆಳಗ್ಗೆ ಟ್ಯಾಂಕಿನ ಕೂಲಂಟ್ ಮಟ್ಟಕ್ಕೆ ಸರಿಯಾಗಿ ತೆಳುವಾದ ಟೇಪ್ ಅಂಟಿಸಿ. ಪ್ರತಿ ಸಲ ಅದೇ ಗೆರೆಗೆ ಸಿರಿಂಜಿನಿಂದ ತುಂಬಿ, ಎಷ್ಟು ಮಿ.ಲೀ. ಹೋಯಿತು, ಎಷ್ಟು ಓಡಿತ್ತು, ಹೇಗೆ ಓಡಿಸಿದ್ದು ಎಂದು ಬರೆದಿಡಿ. ಕೂಲಂಟ್ ಬದಲಿಸಿದ ಮೇಲಿನ ಎರಡು ಮೂರು ಬಿಸಿ-ತಂಪಿನ ಸುತ್ತಿನಲ್ಲಿ ಮಟ್ಟ ಇಳಿಯುವುದು ಸಹಜ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುತ್ತಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದಾದ ಮೇಲೂ 500 ಕಿ.ಮೀ.ಗೆ 100 ಮಿ.ಲೀ.ನಷ್ಟು ಹೋಗುತ್ತಿದ್ದರೆ ಎಲ್ಲೋ ದಾರಿ ಇದೆ ಎಂದೇ ಅರ್ಥ. ನಿಂತಲ್ಲೇ ನಿಂತ ಕಾರಿನಲ್ಲೂ ಮಟ್ಟ ಇಳಿದರೆ ಅದು ಹೊರಗಿನ ಸೋರಿಕೆ ಇರುವ ಸಾಧ್ಯತೆ ಹೆಚ್ಚು. ಜೋರಾಗಿ ಓಡಿಸಿದ ವಾರ ಮಾತ್ರ ಇಳಿದರೆ ಗ್ಯಾಸು ಕೂಲಂಟನ್ನು ಕ್ಯಾಪಿನ ಮೂಲಕ ಹೊರದೂಡುತ್ತಿರಬಹುದು. ಎರಡು ವಾರದ ಈ ಪಟ್ಟಿ ಕೈಯಲ್ಲಿದ್ದರೆ ಮುಂದಿನ ಅರ್ಧ ಕೆಲಸ ಉಳಿಯುತ್ತದೆ.

ಎಚ್ಚರದ ಮಾತೊಂದು. ಈ ಎಂಜಿನ್ನಿನ ಟೆಂಪರೇಚರ್ ಸೆನ್ಸರ್ ಹೆಡ್ಡಿನ ನೀರು ಹೊರಹೋಗುವ ಕಡೆಯಲ್ಲಿದೆ. ಮಟ್ಟ ಅಲ್ಲಿಗಿಂತ ಇಳಿದರೆ ಸೆನ್ಸರ್ ನೀರಿನಲ್ಲಿರುವುದಿಲ್ಲ, ಆವಿಯಲ್ಲಿರುತ್ತದೆ. ಎಂಜಿನ್ ಬೇಯುತ್ತಿದ್ದರೂ ಗೇಜ್ ಶಾಂತವಾಗಿರುತ್ತದೆ. ಆದ್ದರಿಂದ ಪರೀಕ್ಷೆಯ ದಿನಗಳಲ್ಲಿ ಗೇಜನ್ನು ನಂಬಬೇಡಿ, ಮಟ್ಟವನ್ನು ನಂಬಿ.

ಹೆಡ್ ಗ್ಯಾಸ್ಕೆಟ್ಟಿನ ವೇಷದಲ್ಲಿ ಬರುವ ಬೇರೆಯವು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಕೆ-ಸೀರೀಸ್‌ನಲ್ಲಿ ಆಗುವುದು ಮುಖ್ಯವಾಗಿ ಒಂದು ಜಾಗದಲ್ಲಿ: ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್. ಈ ಎಂಜಿನ್ನಿನ ಪ್ಲಾಸ್ಟಿಕ್ ಮ್ಯಾನಿಫೋಲ್ಡ್‌ನಲ್ಲಿ ಕೂಲಂಟಿನ ದಾರಿಯೂ ಇದೆ. ಅದರ ರಬ್ಬರ್ ಸೀಲ್ ಗಟ್ಟಿಯಾದಾಗ ಕೂಲಂಟ್ ಮ್ಯಾನಿಫೋಲ್ಡ್ ಕೆಳಗೆ ಜಿನುಗಿ ಬಿಸಿ ಲೋಹದ ಮೇಲೆ ಒಣಗಿಹೋಗುತ್ತದೆ, ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಕೆಲವೊಮ್ಮೆ ಇನ್‌ಟೇಕ್ ಪೋರ್ಟಿಗೇ ಎಳೆದುಕೊಂಡು ಸಿಲಿಂಡರಿಗೆ ಹೋಗುತ್ತದೆ. ಆಗ ಬಿಳಿ ಹೊಗೆ, ತಣ್ಣಗಿದ್ದಾಗ ಮಿಸ್‌ಫೈರ್, ಕಡಿಮೆಯಾಗುವ ಕೂಲಂಟ್ ಎಲ್ಲವೂ ಹೆಡ್ ಗ್ಯಾಸ್ಕೆಟ್ ಹೋದ ಹಾಗೆಯೇ ಕಾಣುತ್ತವೆ. ವ್ಯತ್ಯಾಸ ಒಂದೇ: ಇಲ್ಲಿ ಕೂಲಂಟಿಗೆ ಗ್ಯಾಸು ಸೇರುವುದಿಲ್ಲ. ಪುಟ್ಟ ಕನ್ನಡಿ, ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಮತ್ತು ಹೆಡ್ ಸೇರುವ ಗೆರೆಯ ಅಡಿಭಾಗ ನೋಡಿ. ಒಣಗಿದ ಕೂಲಂಟ್ ಉಪ್ಪಿನ ಪೊರೆಯ ಹಾಗೆ, ಉಗುರಿಗೆ ಕೆರೆದರೆ ಪುಡಿಯಾಗುವಂತೆ ಕಾಣುತ್ತದೆ. ನೀಲಿ ಕೂಲಂಟ್ ಹಾಕಿದ್ದರೆ ಬಿಳಿಚಿದ ಹಸಿರು, ಕೆಂಪು-ಕಿತ್ತಳೆ ಹಾಕಿದ್ದರೆ ತುಕ್ಕಿನಂಥ ಬಣ್ಣ. ಗ್ಯಾಸ್ಕೆಟ್ಟಿನ ಬೆಲೆ ಒಂದು ಊಟದ ಖರ್ಚು. ಬದಲಿಸಲು ಅರ್ಧ ದಿನ ಸಾಕು.

ಎರಡನೆಯದು ಕ್ಯಾಪ್. ಅದರ ಸ್ಪ್ರಿಂಗ್ ಸೋತರೆ ಕ್ಯಾಪಿನ ಮೇಲೆ ಬರೆದ ಒತ್ತಡಕ್ಕಿಂತ ಮೊದಲೇ ತೆರೆದುಕೊಂಡು ಕೂಲಂಟ್ ಆವಿಯಾಗಿ ಕಳೆಯುತ್ತದೆ. ಪರೀಕ್ಷೆ ಮಾಡುತ್ತಾ ಕೂರುವುದಕ್ಕಿಂತ ಹೊಸದೊಂದನ್ನು ಹಾಕಿ. ಆಮೇಲೆ ವಾಟರ್ ಪಂಪಿನ ಜಿನುಗು ರಂಧ್ರ, ಹೋಸ್ ಕ್ಲಿಪ್‌ಗಳು, ಕ್ಯಾಬಿನ್ ಬೆಚ್ಚಗಿಡುವ ಪುಟ್ಟ ರೇಡಿಯೇಟರ್ ಆದ ಹೀಟರ್ ಮ್ಯಾಟ್ರಿಕ್ಸ್ (ಕ್ಯಾಬಿನ್ನಿನಲ್ಲಿ ಸಿಹಿ ವಾಸನೆ, ಗಾಜಿನ ಒಳಗಡೆ ಜಿಡ್ಡು ಮಂಜು), ಮೂತಿಯಲ್ಲಿ ಕಲ್ಲೇಟು ತಿನ್ನುವ ರೇಡಿಯೇಟರ್.

ಆಯಿಲ್ ಕ್ಯಾಪಿನಡಿಯ ಬೆಣ್ಣೆಯಂಥ ತಿಳಿಹಳದಿ ಪದಾರ್ಥ ಕಂಡರೆ ಹೆದರುವ ಅಗತ್ಯವಿಲ್ಲ. ಗ್ಯಾರೇಜಿನಲ್ಲೇ ಹೆಚ್ಚು ಹೊತ್ತು ನಿಲ್ಲುವ, ಓಡಿದರೂ ಹತ್ತು ನಿಮಿಷ ಮಾತ್ರ ಓಡುವ ಕಾರಿನಲ್ಲಿ ಇದು ಬರೀ ಇಬ್ಬನಿಯ ತೇವ. ಒರೆಸಿ, ಆಯಿಲ್ ಚೆನ್ನಾಗಿ ಕಾಯುವಂತೆ 50 ಕಿ.ಮೀ. ಹೈವೇಯಲ್ಲಿ ಓಡಿಸಿ ಬಂದು ನೋಡಿ. ಮತ್ತೆ ಕಟ್ಟಿಕೊಂಡಿಲ್ಲವೆಂದರೆ ಅದು ಇಬ್ಬನಿಯೇ. ಡಿಪ್‌ಸ್ಟಿಕ್‌ನ ತುದಿಯಲ್ಲೂ ಅದೇ ಬಣ್ಣ ಕಂಡರೆ ಮಾತು ಬೇರೆ. ಸಂಶಯ ತೀರದಿದ್ದರೆ, ಎರಡು ದಿನ ನಿಂತ ಕಾರಿನ ಸಂಪ್ ಪ್ಲಗ್ಗನ್ನು ನಿಧಾನವಾಗಿ ಸಡಿಲಿಸಿ ಮೊದಲು ಬರುವ 20 ಮಿ.ಲೀ. ಮಾತ್ರ ಗಾಜಿನ ಬಾಟಲಿಗೆ ಹಿಡಿಯಿರಿ. ನೀರು ಆಯಿಲಿಗಿಂತ ಭಾರ. ಇದ್ದರೆ ಅದೇ ಮೊದಲು ಬರುತ್ತದೆ. ಲ್ಯಾಬಿಗೆ ಕಳುಹಿಸುವವರು ಸೋಡಿಯಂ, ಪೊಟ್ಯಾಸಿಯಂ ಅಂಶ ಕೇಳಿ. ಕೂಲಂಟಿನ ತುಕ್ಕುನಿರೋಧಕಗಳಿಂದ ಅವು ಆಯಿಲಿಗೆ ಬರುತ್ತವೆ, ನೀರಿನಂಶ ಆರಿಹೋದ ಮೇಲೂ ಉಳಿದಿರುತ್ತವೆ.

ತಣ್ಣಗಿರುವಾಗ

ರಾತ್ರಿಯೆಲ್ಲ ತಣಿದ ಕಾರಿನ ಮೇಲಿನ ಹೋಸನ್ನು ಬೆಳಗ್ಗೆ ಕೈಯಲ್ಲಿ ಹಿಂಡಿ ನೋಡಿ. ಮೆತ್ತಗಿರಬೇಕು. ಆಮೇಲೆ ಕ್ಯಾಪನ್ನು ಕಿವಿಗೊಟ್ಟು ನಿಧಾನ ತಿರುಗಿಸಿ. ಬಿಸಿಯಾದಾಗ ಹಿಗ್ಗಿದ ಕೂಲಂಟ್ ತಣಿದು ಕುಗ್ಗಿದ ಮೇಲೆ ಒಳಗೆ ಒತ್ತಡ ಉಳಿಯಲು ಕಾರಣವೇ ಇಲ್ಲ. ಆದರೂ ಹೋಸ್ ಗಟ್ಟಿಯಾಗಿದ್ದು, ಕ್ಯಾಪ್ ತೆಗೆದಾಗ ಹಿಸ್ ಎಂದು ಗಾಳಿ ಹೊರಬಂದರೆ, ನಿನ್ನೆ ಓಡಿಸಿದಾಗ ಕೂಲಂಟಿಗೆ ಸಿಲಿಂಡರಿನ ಗ್ಯಾಸು ಸೇರಿದೆ. ಕಾಸು ಖರ್ಚಿಲ್ಲದ ಈ ಪರೀಕ್ಷೆ ಎಷ್ಟೋ ಸಲ ಟೂಲ್‌ಗಳಿಗಿಂತ ಮೊದಲು ಸತ್ಯ ಹೇಳುತ್ತದೆ. ಮೂರು ಬೆಳಗ್ಗೆ ಮಾಡಿ ನೋಡಿ.

ಪ್ರೆಶರ್ ಟೆಸ್ಟನ್ನು ಪೂರ್ತಿ ತಣಿದ ಎಂಜಿನ್ ಮೇಲೆಯೇ ಮಾಡಬೇಕು. ಬೆಚ್ಚಗಿರುವಾಗ ಪಂಪ್ ಮಾಡಿದರೆ ಎಂಜಿನ್ ತಣಿಯುತ್ತಿದ್ದ ಹಾಗೆ ಒತ್ತಡ ತಾನೇ ಇಳಿಯುತ್ತದೆ. ಸೋರಿಕೆ ಇಲ್ಲದ ಕಾರಿಗೂ ಸೋರಿಕೆಯ ಹಣೆಪಟ್ಟಿ ಬೀಳುವುದು ಹೀಗೆ. ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಏರಿಸಿ, ಹೆಚ್ಚು ಬೇಡ. 20 ನಿಮಿಷ ಮುಳ್ಳು ಕದಲಬಾರದು. ಕದಲಿದರೆ ಮೊದಲು ಅಡಾಪ್ಟರಿನ ಸುತ್ತ ಸೋಪಿನ ನೀರು ಹಚ್ಚಿ ಟೆಸ್ಟರೇ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಸಣ್ಣ ಸೋರಿಕೆಗೆ 20 ನಿಮಿಷ ಸಾಲದು. ಇಲ್ಲಿ ತಾಳ್ಮೆ ಬೇಕು. ಸ್ಪಾರ್ಕ್ ಪ್ಲಗ್‌ಗಳು ಹೆಡ್ಡಿನ ನಡುವಿನ ಆಳವಾದ ಬಾವಿಗಳಲ್ಲಿವೆ. ಮೊದಲು ಅಲ್ಲಿನ ಕಸ, ಆಯಿಲ್ ಎಲ್ಲವನ್ನೂ ಗಾಳಿ ಊದಿ ತೆಗೆಯಿರಿ. ನಾಲ್ಕೂ ಪ್ಲಗ್ ಬಿಚ್ಚಿ ಸಿಲಿಂಡರ್ ಸಂಖ್ಯೆಯ ಪ್ರಕಾರ ಸಾಲಾಗಿ ಇಡಿ. ಮೂರು ಪ್ಲಗ್‌ಗಳ ತುದಿ ತಿಳಿ ಕಂದು, ಒಂದು ಮಾತ್ರ ತೊಳೆದಿಟ್ಟ ಹಾಗೆ ಬಿಳಿ ಇದ್ದರೆ ಆ ಸಿಲಿಂಡರ್ ಸಂಖ್ಯೆ ಗುರುತಿಟ್ಟುಕೊಳ್ಳಿ. ಬೋರ್‌ಸ್ಕೋಪ್ ಇಳಿಸಿ ಪಿಸ್ಟನ್ ತಲೆ ನೋಡಿ. ಆರೋಗ್ಯವಾಗಿರುವ ಪಿಸ್ಟನ್ ಮೇಲೆ ಒಣಗಿದ ಕಪ್ಪು ಕಾರ್ಬನ್ ಸಮವಾಗಿ ಕೂತಿರುತ್ತದೆ. ಕೂಲಂಟ್ ಜಿನುಗುವ ಸಿಲಿಂಡರಿನಲ್ಲಿ ಅಂಚಿನ ಒಂದು ಬದಿಯಿಂದ ನಡುವಿನತ್ತ ನಾಲಿಗೆಯ ಆಕಾರದಲ್ಲಿ ಕಾರ್ಬನ್ ಕಿತ್ತುಹೋಗಿ ಅಲ್ಯೂಮಿನಿಯಂ ಹೊಳೆಯುತ್ತಿರುತ್ತದೆ. ಸುಡುವಾಗ ಪ್ರತಿ ಸಲ ಆ ಹನಿ ಆವಿಯಾಗಿ ಅಲ್ಲಿನ ಮಸಿಯನ್ನು ಉಜ್ಜಿ ತೆಗೆದಿದೆ. ನಾಲಿಗೆಯ ಬುಡ ಯಾವ ಅಂಚಿನಲ್ಲಿದೆಯೋ ಗ್ಯಾಸ್ಕೆಟ್ ಸೋತಿರುವುದು ಆ ಕಡೆ. ಬುಡ ಇನ್‌ಟೇಕ್ ವಾಲ್ವಿನ ಕೆಳಗಿದ್ದರೆ ಮಾತ್ರ ಮತ್ತೊಮ್ಮೆ ಯೋಚಿಸಿ. ಅದು ಮ್ಯಾನಿಫೋಲ್ಡ್ ಸೀಲಿನ ಕೆಲಸವೂ ಆಗಿರಬಹುದು.

ಈಗ ಪ್ಲಗ್ ಬಿಚ್ಚಿದ ಸ್ಥಿತಿಯಲ್ಲೇ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ ಮತ್ತೆ ಬೋರ್‌ಸ್ಕೋಪ್. ಒಂದು ಹನಿ ಮಿನುಗಿದರೂ ಉತ್ತರ ಸಿಕ್ಕಿತು. ಕಾಣದಿದ್ದರೆ ನಾಲ್ಕೂ ಬಾವಿಗಳ ಮೇಲೆ ಬಿಳಿ ಟಿಶ್ಯೂ ಹಾಸಿ, ಫ್ಯೂಯೆಲ್ ಪಂಪ್ ಮತ್ತು ಇಗ್ನಿಷನ್ ಕತ್ತರಿಸಿ, ಮುಖ ದೂರವಿಟ್ಟು ಎರಡು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ. ಒದ್ದೆಯಾದ ಟಿಶ್ಯೂ ಯಾವ ಸಿಲಿಂಡರಿನದು ಎಂದು ನೋಡಿ. ಒತ್ತಡ ಕೊಟ್ಟು ಬಿಟ್ಟ ಎಂಜಿನ್ನನ್ನು ಪ್ಲಗ್ ಹಾಕಿದ ಹಾಗೆಯೇ ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನಲ್ಲಿ ದ್ರವ ನಿಂತಿದ್ದರೆ ಅದು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಬಿಸಿಯೇರುವಾಗ

ತಣ್ಣಗಿನ ಎಂಜಿನ್ನಿಗೆ ಪ್ರೆಶರ್ ಟೆಸ್ಟರ್ ಹಾಕಿ, ಸೊನ್ನೆಯಲ್ಲಿಟ್ಟು, ಸ್ಟಾರ್ಟ್ ಮಾಡಿ. ಕೂಲಂಟ್ ಬಿಸಿಯಾಗುತ್ತಾ ಒತ್ತಡ ಏರುವುದು ನಿಧಾನವಾಗಿ, ಹಲವು ನಿಮಿಷ ತೆಗೆದುಕೊಂಡು. ಹೋಸ್ ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದಲ್ಲೇ ಮುಳ್ಳು ಮೇಲೇಳುತ್ತಿದ್ದರೆ ಅಥವಾ ಎಂಜಿನ್ನಿನ ತಾಳಕ್ಕೆ ನಡುಗುತ್ತಿದ್ದರೆ ಗ್ಯಾಸು ಬರುತ್ತಿದೆ. ಟೆಸ್ಟರಿಗೆ ಕ್ಯಾಪಿನ ಹಾಗೆ ಒತ್ತಡ ಬಿಡುವ ವಾಲ್ವ್ ಇಲ್ಲದಿರಬಹುದು. ಕ್ಯಾಪಿನ ಮಿತಿ ಮುಟ್ಟುವ ಮೊದಲೇ ಎಂಜಿನ್ ಆಫ್ ಮಾಡಿ. ಮುಳ್ಳು ನಡುಗುತ್ತಿರುವಾಗ ಒಂದೊಂದೇ ಇಂಜೆಕ್ಟರ್ ಪ್ಲಗ್ ಕಿತ್ತು ನೋಡಿದರೆ, ಯಾವುದನ್ನು ಕಿತ್ತಾಗ ನಡುಕ ನಿಲ್ಲುತ್ತದೋ ಅದೇ ಸಿಲಿಂಡರ್. ಸ್ಪಾರ್ಕ್ ಲೀಡ್ ಕೀಳಬೇಡಿ. ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ.

ಬ್ಲಾಕ್ ಟೆಸ್ಟರಿನ ನೀಲಿ ದ್ರವ ಇಂಗಾಲದ ಡೈಆಕ್ಸೈಡ್ ತಗಲಿದರೆ ಹಸಿರಾಗಿ ಹಳದಿಗೆ ತಿರುಗುತ್ತದೆ. ಉಪಾಯ ಸರಳ, ತಪ್ಪು ಮಾಡಲು ದಾರಿಗಳು ಬಹಳ. ಮೊದಲು ಟ್ಯೂಬಿನ ಬಾಯನ್ನು ಸೈಲೆನ್ಸರ್ ಹತ್ತಿರ ಹಿಡಿದು ಬಲ್ಬ್ ಒತ್ತಿ, ದ್ರವ ಹಳದಿಯಾಗುತ್ತದೆಯೇ ನೋಡಿ. ಹಳೆಯ ಬಾಟಲಿ ಜೀವ ಕಳೆದುಕೊಂಡಿರುತ್ತದೆ. ಆ ದ್ರವ ಚೆಲ್ಲಿ ಹೊಸದು ತುಂಬಿ. ಟ್ಯಾಂಕಿನಿಂದ ಕೂಲಂಟ್ ಸ್ವಲ್ಪ ಹೀರಿ ತೆಗೆದು ಮೇಲೆ ನಾಲ್ಕೈದು ಸೆಂ.ಮೀ. ಖಾಲಿ ಮಾಡಿಕೊಳ್ಳಿ, ಕೂಲಂಟ್ ಟ್ಯೂಬಿಗೆ ನುಗ್ಗಿದರೆ ಆ ಪರೀಕ್ಷೆಗೆ ಬೆಲೆಯಿಲ್ಲ. ಕ್ಯಾಪ್ ತೆಗೆಯುವುದು ಎಂಜಿನ್ ತಣ್ಣಗಿರುವಾಗಲೇ, ಬಿಸಿಯಾದ ಮೇಲಲ್ಲ. ಕ್ಯಾಪ್ ಇಲ್ಲದೆ ಎಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟು, ಥರ್ಮೋಸ್ಟಾಟ್ ತೆರೆದ ಮೇಲೆ ಎರಡು ನಿಮಿಷ ಬಲ್ಬ್ ಒತ್ತುತ್ತಿರಿ. ಮುಚ್ಚಿದ ಗ್ಯಾರೇಜಿನಲ್ಲಿ ಮಾಡಿದರೆ ಕೋಣೆಯ ಹೊಗೆಯೇ ದ್ರವದ ಬಣ್ಣ ಕೆಡಿಸುತ್ತದೆ, ನಿಮ್ಮ ಜೀವಕ್ಕೂ ಅಪಾಯ, ಬಯಲಿಗೆ ತನ್ನಿ.

ಹಳದಿಯಾದರೆ ನಂಬಬಹುದು. ನೀಲಿಯೇ ಉಳಿದರೆ ನಂಬಬೇಡಿ. ಐಡ್ಲಿಂಗ್‌ನಲ್ಲಿ ಸಿಲಿಂಡರಿನ ಒತ್ತಡ ಕಡಿಮೆ. ಸಣ್ಣ ಬಿರುಕಿಗೆ ಆಗ ಬಾಯಿ ತೆರೆಯುವ ಅವಸರವಿಲ್ಲ.

ಲೋಡಿನಲ್ಲಿ

ಹೀಗಾಗಿ ಕಾರನ್ನು ಓಡಿಸಿ ತರಬೇಕು. ಚೆನ್ನಾಗಿ ಬಿಸಿಯಾದ ಮೇಲೆ ಉದ್ದನೆಯ ಏರಿನಲ್ಲಿ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ಐದಾರು ಸಲ ಪೂರ್ತಿ ಥ್ರಾಟಲ್ ಕೊಡಿ. ಆ ಹೊತ್ತಿನಲ್ಲಿ ಹೀಟರಿನಿಂದ ಬಿಸಿ ಗಾಳಿ ತಟ್ಟನೆ ತಣ್ಣಗಾಗುತ್ತದೆಯೇ ಗಮನಿಸಿ. ಗ್ಯಾಸಿನ ಗುಳ್ಳೆ ಹೀಟರ್ ಮ್ಯಾಟ್ರಿಕ್ಸಿನಲ್ಲಿ ಸಿಕ್ಕಿಕೊಂಡರೆ ಹೀಗಾಗುತ್ತದೆ. ಮೊದಲ ಎಲೀಸ್‌ನ ಡಿಜಿಟಲ್ ಡಿಸ್‌ಪ್ಲೇಯಲ್ಲಿ ಡಿಗ್ರಿ ಅಂಕಿಯಲ್ಲೇ ಕಾಣುವುದರಿಂದ ಇಲ್ಲಿ ಅನುಕೂಲ: ಒಂದೇ ವೇಗದಲ್ಲಿ ಹೋಗುವಾಗ ಅಂಕಿ ಏರಿ, ಇಳಿದು, ಮತ್ತೆ ಏರುತ್ತಿದ್ದರೆ ಒಳಗೆ ಗಾಳಿ ಅಥವಾ ಗ್ಯಾಸು ಓಡಾಡುತ್ತಿದೆ. ಯಾವುದು ಎಂದು ತಿಳಿಯಲು ಮುಂದಿನ ರೇಡಿಯೇಟರಿನ ಬ್ಲೀಡ್ ಸ್ಕ್ರೂನಿಂದ ಗಾಳಿ ತೆಗೆದು ಮತ್ತೆ ಓಡಿಸಿ. ಸಿಕ್ಕಿಕೊಂಡ ಗಾಳಿಯಾದರೆ ಎರಡು ಮೂರು ಸುತ್ತಿಗೆ ಮುಗಿಯುತ್ತದೆ. ಗ್ಯಾಸಾದರೆ ಮುಗಿಯುವುದೇ ಇಲ್ಲ. ಪ್ರತಿ ಸಲ ಬ್ಲೀಡ್ ಮಾಡಿದಾಗಲೂ ಬರುತ್ತಲೇ ಇರುತ್ತದೆ.

ಈ ಓಟ ಮುಗಿಸಿ ಕಾರು ಪೂರ್ತಿ ತಣಿದ ಮೇಲೆ ಕ್ಯಾಪ್ ತೆಗೆದ ಕೂಡಲೇ, ಎಂಜಿನ್ ಸ್ಟಾರ್ಟ್ ಮಾಡದೆ, ಟ್ಯಾಂಕಿನ ಮೇಲ್ಭಾಗದ ಗಾಳಿಯನ್ನೇ ಬ್ಲಾಕ್ ಟೆಸ್ಟರಿನಿಂದ ಹೀರಿ ನೋಡಿ. ಲೋಡಿನಲ್ಲಿ ಸೇರಿದ ಗ್ಯಾಸು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಐಡ್ಲಿಂಗ್‌ನಲ್ಲಿ ನೀಲಿಯಾಗಿಯೇ ಉಳಿದ ದ್ರವ ಇಲ್ಲಿ ಬಣ್ಣ ಬದಲಿಸುವುದುಂಟು. ಬ್ರಿಟನ್ನಿನಲ್ಲಿ ಎಂಒಟಿ (ಕಾರುಗಳ ಕಡ್ಡಾಯ ವಾರ್ಷಿಕ ತಪಾಸಣೆ) ಮಾಡುವ ಗ್ಯಾರೇಜುಗಳಲ್ಲಿ ಹೊಗೆ ಅಳೆಯುವ ಗ್ಯಾಸ್ ಅನಲೈಸರ್ ಇರುತ್ತದೆ; ಅದರ ಪ್ರೋಬನ್ನು ಟ್ಯಾಂಕಿನ ಬಾಯಿಯಿಂದ ಎರಡು ಮೂರು ಸೆಂ.ಮೀ. ಮೇಲೆ ಹಿಡಿಸಿ ಹೈಡ್ರೋಕಾರ್ಬನ್ ಅಂಕಿ ಕೇಳಿದರೆ ದ್ರವಕ್ಕಿಂತ ಸೂಕ್ಷ್ಮವಾದ ಉತ್ತರ ಸಿಗುತ್ತದೆ. ಪ್ರೋಬ್ ಕೂಲಂಟಿಗೆ ತಾಗಿದರೆ ಯಂತ್ರ ಕೆಡುತ್ತದೆ.

ಲೀಕ್-ಡೌನ್: ನಿಧಾನವಾಗಿ ಮಾಡಿದರೆ ಮಾತ್ರ

ಕಂಪ್ರೆಷನ್ ಟೆಸ್ಟ್ ಸಣ್ಣ ಸೋರಿಕೆಗೆ ಕುರುಡು. ಪಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ನಡುವಿನ ಗ್ಯಾಸ್ಕೆಟ್ ಹೋಗಿದೆ ಎಂದು ಹೇಳಬಹುದು. ನಾಲ್ಕೂ ಸಮವಿದ್ದರೆ ಏನೂ ಹೇಳಲಾಗದು. ಲೀಕ್-ಡೌನ್ ಅದಕ್ಕಿಂತ ಮೇಲು.

ಎಂಜಿನ್ ಬೆಚ್ಚಗಿರಲಿ, ಪ್ಲಗ್‌ಗಳೆಲ್ಲ ಹೊರಗಿರಲಿ. ಒಂದನೇ ಸಿಲಿಂಡರನ್ನು ಕಂಪ್ರೆಷನ್ ಸ್ಟ್ರೋಕಿನ ತುತ್ತತುದಿಗೆ ತನ್ನಿ. ಟ್ಯಾಂಕಿನ ಬಾಯಿಯವರೆಗೆ ಕೂಲಂಟ್ ತುಂಬಿ, ಗುಳ್ಳೆ ಬಂದರೆ ಅಡಗಲು ಜಾಗವಿರಬಾರದು. ಗಾಳಿಯನ್ನು ಒಮ್ಮೆಲೇ ಬಿಡಬೇಡಿ. 80 ಮಿ.ಮೀ. ಬೋರಿನ ಪಿಸ್ಟನ್ ಮೇಲೆ 7 ಬಾರ್ ಎಂದರೆ ಸುಮಾರು 350 ಕೆ.ಜಿ. ತೂಕ ಕೂರಿಸಿದ ಹಾಗೆ. ತುದಿಯಿಂದ ಒಂದೆರಡು ಡಿಗ್ರಿ ಆಚೀಚೆ ಇದ್ದರೂ ಕ್ರ್ಯಾಂಕ್ ತಿರುಗಿಬಿಡುತ್ತದೆ. ಕ್ರ್ಯಾಂಕ್ ಪುಲ್ಲಿ ಮೇಲಿನ ಸ್ಪ್ಯಾನರ್ ತೆಗೆದು, ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಳಿಯನ್ನು ಮೆಲ್ಲಗೆ 7 ಬಾರಿಗೆ ಏರಿಸಿ.

ಸೋರಿಕೆಯ ಶೇಕಡಾವಾರು ಬರೆದುಕೊಳ್ಳಿ. ಶೇ. 10ರೊಳಗಿದ್ದರೆ ಚೆನ್ನ, 20 ದಾಟಿದರೆ ಹುಡುಕಬೇಕು. ಆದರೆ ಸಣ್ಣ ಗ್ಯಾಸ್ಕೆಟ್ ಸೋರಿಕೆ ಆ ಅಂಕಿಯಲ್ಲಿ ಕಾಣುವುದು ಅಪರೂಪ, ಪಿಸ್ಟನ್ ರಿಂಗ್‌ಗಳ ಸಹಜ ಸೋರಿಕೆಯೊಳಗೆ ಅಡಗಿಬಿಡುತ್ತದೆ. ನೋಡಬೇಕಾದ್ದು ಗೇಜನ್ನಲ್ಲ, ಟ್ಯಾಂಕನ್ನು. ಗಾಳಿ ಹಾಗೇ ಇಟ್ಟು ಹತ್ತು ನಿಮಿಷ, ಟಾರ್ಚ್ ಬೆಳಕಿನಲ್ಲಿ ಟ್ಯಾಂಕಿನ ಬಾಯಿಯನ್ನೇ ನೋಡುತ್ತಾ ಕೂರಿ. ಮೊದಲು ಏನೂ ಇರುವುದಿಲ್ಲ. ಆಮೇಲೆ ಮಟ್ಟ ಒಂದು ಕೂದಲಿನಷ್ಟು ಉಬ್ಬುತ್ತದೆ, ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಏಳುತ್ತದೆ. ಹದಿನೈದು ಸೆಕೆಂಡಿಗೆ ಇನ್ನೊಂದು. ಹೋಸ್ ತಟ್ಟಿದಾಗ ಬರುವ ಒಂಟಿ ಗುಳ್ಳೆಗೆ ಅರ್ಥವಿಲ್ಲ. ತಾಳ ತಪ್ಪದೆ ಬರುವುದಕ್ಕೆ ಇದೆ. ಗಾಳಿ ನಿಲ್ಲಿಸಿದಾಗ ಗುಳ್ಳೆ ನಿಂತು, ಮತ್ತೆ ಕೊಟ್ಟಾಗ ಮತ್ತೆ ಶುರುವಾದರೆ ಸಂಶಯಕ್ಕೆ ಜಾಗವಿಲ್ಲ. ಪಕ್ಕದ ಪ್ಲಗ್ ರಂಧ್ರಕ್ಕೆ ಸಣ್ಣ ಹೋಸಿನ ತುದಿ ಇಟ್ಟು ಇನ್ನೊಂದು ತುದಿ ಕಿವಿಗೆ ಹಿಡಿಯಿರಿ. ಅಲ್ಲಿ ಗಾಳಿಯ ಸದ್ದಿದ್ದರೆ ಸೋರಿಕೆ ಸಿಲಿಂಡರುಗಳ ನಡುವೆ.

ಫೈರಿಂಗ್ ಆರ್ಡರ್ 1-3-4-2. ಕ್ರ್ಯಾಂಕನ್ನು ಪ್ರತಿ ಸಲ ಅರ್ಧ ಸುತ್ತು ತಿರುಗಿಸುತ್ತಾ ಅದೇ ಕ್ರಮದಲ್ಲಿ ಹೋದರೆ ಹುಡುಕಾಟ ಉಳಿಯುತ್ತದೆ. ನಾಲ್ಕೂ ಮುಗಿದ ಮೇಲೆ ಮರುದಿನ ತಣ್ಣಗಿರುವಾಗ ಮತ್ತೊಮ್ಮೆ ಪೂರ್ತಿ ಮಾಡಿ. ಬಿಸಿಯಲ್ಲಿ ಅಲ್ಯೂಮಿನಿಯಂ ಹಿಗ್ಗಿ ಬಿಗಿಯುವ ಸೋರಿಕೆ ತಣ್ಣಗಿರುವಾಗ ಮಾತ್ರ ಸಿಗುತ್ತದೆ.

ಆಫ್ ಮಾಡಿದ ಮೇಲೆ

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹತ್ತು ಇಪ್ಪತ್ತು ಸೆಕೆಂಡ್ ಒಂದು ಸಿಲಿಂಡರ್ ತಡವರಿಸಿ, ಸ್ವಲ್ಪ ಬಿಳಿ ಹೊಗೆ ಬಂದು, ಆಮೇಲೆ ಏನೂ ಆಗದ ಹಾಗೆ ಓಡುತ್ತದೆಯೇ? ರಾತ್ರಿ ಇಳಿದ ಕೂಲಂಟ್ ಅದು. ಇದನ್ನು ಖಚಿತಪಡಿಸಲು ಸಂಜೆ ಜೋರಾಗಿ ಓಡಿಸಿ ಬಂದು ಆಫ್ ಮಾಡಿ, ಕ್ಯಾಪ್ ಮುಟ್ಟದೆ, ಒಂದೂವರೆ ಗಂಟೆ ಬಿಟ್ಟು ಪ್ಲಗ್ ತೆಗೆದು ಬೋರ್‌ಸ್ಕೋಪ್ ಇಳಿಸಿ. ಒಳಗಿನ ಒತ್ತಡ ಇನ್ನೂ ಉಳಿದಿರುವ ಹೊತ್ತು ಅದು; ಹನಿ ಸಿಗುವುದಿದ್ದರೆ ಆಗಲೇ ಸಿಗುತ್ತದೆ.

ಹೊರಗೆ ಜಿನುಗುವ ಸೋರಿಕೆಗೆ ಯುವಿ ಡೈ. ಡಬ್ಬಿಯ ಮೇಲೆ ಹೇಳಿದಷ್ಟೇ ಹಾಕಿ, 150 ಕಿ.ಮೀ. ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಮತ್ತು ಹಳದಿ ಕನ್ನಡಕದಿಂದ ಹೆಡ್-ಬ್ಲಾಕ್ ಸೇರುವ ಗೆರೆಯನ್ನು ಸುತ್ತ ನೋಡಿ. ಹೊಳೆಯುವ ಗೆರೆ ಎಲ್ಲಿಂದ ಶುರುವಾಗಿದೆ ಎಂಬುದು ಮುಖ್ಯ, ಎಲ್ಲಿ ಮುಗಿದಿದೆ ಎಂಬುದಲ್ಲ. ಮ್ಯಾನಿಫೋಲ್ಡಿನಿಂದ ಇಳಿದ ಕೂಲಂಟ್ ಕೂಡ ಆ ಗೆರೆಯ ಮೇಲೇ ಬಂದು ನಿಲ್ಲುತ್ತದೆ. ಡೈ ಹಾಕುವಾಗ ಚೆಲ್ಲಿದ ಹನಿಗಳನ್ನು ಅಂದೇ ತೊಳೆಯದಿದ್ದರೆ ಇಡೀ ಎಂಜಿನ್ ಹೊಳೆದು ಏನೂ ತಿಳಿಯುವುದಿಲ್ಲ. ಚೆಲ್ಲಿದ ಕೂಲಂಟನ್ನು ನೆಲದ ಮೇಲೆ ಬಿಡಬೇಡಿ. ರುಚಿ ಸಿಹಿ, ನಾಯಿ ಬೆಕ್ಕುಗಳಿಗೆ ಪ್ರಾಣಾಂತಿಕ.

ತೀರ್ಮಾನಕ್ಕೆ ಎಷ್ಟು ಸಾಕ್ಷಿ ಬೇಕು

ಬೇರೆ ಬೇರೆ ಬಗೆಯ ಎರಡು ಪರೀಕ್ಷೆಗಳು ಒಂದೇ ಸಿಲಿಂಡರನ್ನು ತೋರಿಸಬೇಕು. ಬೆಳಗ್ಗೆ ಒತ್ತಡ ಉಳಿದಿದೆ, ಓಟದ ನಂತರ ದ್ರವ ಹಳದಿಯಾಗಿದೆ, ಮೂರನೇ ಪಿಸ್ಟನ್ ತೊಳೆದ ಹಾಗಿದೆ, ಮೂರನೆಯದಕ್ಕೆ ಗಾಳಿ ಕೊಟ್ಟಾಗ ಗುಳ್ಳೆ ಬರುತ್ತದೆ: ಹೆಡ್ ಬಿಚ್ಚಿ. ಒಂದೇ ಸಾಕ್ಷಿ ಇದ್ದು ಉಳಿದವೆಲ್ಲ ಇಲ್ಲವೆಂದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮತ್ತು ಕ್ಯಾಪ್ ಬದಲಿಸಿ, ಸಿರಿಂಜಿನ ಪಟ್ಟಿಯನ್ನು ಇನ್ನೊಂದು ತಿಂಗಳು ಮುಂದುವರಿಸಿ.

ಬಾಟಲಿಯಲ್ಲಿ ಸಿಗುವ ಸೀಲರ್ ಸುರಿಯಬೇಡಿ. ಅದು ಗ್ಯಾಸ್ಕೆಟ್ಟಿಗಿಂತ ಮೊದಲು ಹೀಟರ್ ಮ್ಯಾಟ್ರಿಕ್ಸ್ ಮತ್ತು ರೇಡಿಯೇಟರಿನ ಸಣ್ಣ ದಾರಿಗಳನ್ನು ಹುಡುಕಿಕೊಂಡು ಮುಚ್ಚುತ್ತದೆ; ಮುಂದಿನ ಪರೀಕ್ಷೆಗಳ ಸಾಕ್ಷಿಯನ್ನೂ ಅಳಿಸುತ್ತದೆ. ಹೆಡ್ ಬೋಲ್ಟನ್ನು ಸ್ವಲ್ಪ ಬಿಗಿದು ನೋಡುವ ಯೋಚನೆಯನ್ನೂ ಬಿಡಿ. ಅವುಗಳನ್ನು 20 ನ್ಯೂಟನ್ ಮೀಟರಿಗೆ ಬಿಗಿದು, ಆಮೇಲೆ 180 ಡಿಗ್ರಿ, ಮತ್ತೆ 180 ಡಿಗ್ರಿ ತಿರುಗಿಸಿ ಹಿಗ್ಗಿಸಿ ಕೂರಿಸಿರುತ್ತಾರೆ. ಮೇಲಿಂದ ಇನ್ನೊಂದಿಷ್ಟು ತಿರುಗಿಸಿದರೆ ಬಿಗಿ ಹೆಚ್ಚುತ್ತದೆಂಬ ಭರವಸೆ ಇಲ್ಲ, ಬೋಲ್ಟ್ ಸೋಲುವುದಂತೂ ಖಂಡಿತ.

ಹೆಡ್ ಬಿಚ್ಚಿದ ಮೇಲೆ ಕ್ರ್ಯಾಂಕ್ ತಿರುಗಿಸಬಾರದು. ಲೈನರ್‌ಗಳನ್ನು ಹಿಡಿದಿಟ್ಟಿದ್ದದ್ದು ಆ ಹೆಡ್ಡೇ. ಕ್ಲ್ಯಾಂಪ್ ಹಾಕದೆ ತಿರುಗಿಸಿದರೆ ಪಿಸ್ಟನ್ ಜೊತೆ ಲೈನರ್ ಮೇಲೆದ್ದು ಕೆಳಗಿನ ಸೀಲ್ ಕಿತ್ತುಹೋಗುತ್ತದೆ. ಹಳೆಯ ಗ್ಯಾಸ್ಕೆಟನ್ನು ಎಸೆಯುವ ಮೊದಲು, ಪರೀಕ್ಷೆಗಳು ತೋರಿಸಿದ ಜಾಗದಲ್ಲೇ ಗುರುತು ಇದೆಯೇ ನೋಡಿ: ಎಲಾಸ್ಟೋಮರ್ ಅಂಚು ಎದ್ದಿದೆಯೇ, ಸಿಲಿಂಡರಿನ ಉಂಗುರ ದಾಟಿ ಮಸಿ ಹೊರಗೆ ಹರಿದಿದೆಯೇ. ನಾಲ್ಕೂ ಲೈನರುಗಳ ಎತ್ತರವನ್ನು ಡಯಲ್ ಗೇಜಿನಿಂದ ಪ್ರತಿಯೊಂದಕ್ಕೂ ನಾಲ್ಕು ಕಡೆ ಅಳೆಯಿರಿ. ಯಾವುದಾದರೂ ಲೈನರ್ ಬ್ಲಾಕಿನ ಮಟ್ಟಕ್ಕಿಂತ ಕೆಳಗೆ ಕುಸಿದಿದ್ದರೆ ಗ್ಯಾಸ್ಕೆಟ್ ಎಷ್ಟೇ ಹೊಸದಾದರೂ ಆ ಸಿಲಿಂಡರನ್ನು ಹಿಡಿಯಲಾರದು. ಕೆಲವೇ ಸಾವಿರ ಮೈಲಿಯಲ್ಲಿ ಮತ್ತೆ ಅದೇ ಗುಳ್ಳೆ, ಅದೇ ಜಾಗದಲ್ಲಿ ಬರುತ್ತದೆ.